‘ಹಬ್ಬ’ ಅಂದರೆ ಸಾಕು, ರಾಗಿ ಓಡಿ ಬರ್ತಾಳೆ

ಕಳೆದ ವರ್ಷ ಆಷಾಢದ ಒಂದು ಬೆಳಗ್ಗೆ ನಮ್ಮ ಬೀದಿಯ ಚರಂಡಿಯಲ್ಲಿ ಹಳದಿ ರೇಷ್ಮೆಗೂಡುಗಳು ತೇಲುತ್ತಿದ್ದವು. ಅದಕ್ಕೆ ಕಾರಣ ನನ್ನ ನಾಯಿ. ಸರಿಯಾಗಿ ಹೇಳಬೇಕೆಂದರೆ ಕಾರಣ ನಾನು. ಆದರೆ ಅದು ನನಗೆ ಅರ್ಥವಾಗಲು ಮೂರು ತಿಂಗಳು ಹಿಡಿಯಿತು.

ನಮ್ಮದು ರಾಮನಗರ. ಅಪ್ಪ ರೀಲರ್. ಮನೆಯ ಹಿಂದೆಯೇ ನೂಲು ತೆಗೆಯುವ ಪುಟ್ಟ ಘಟಕವಿದೆ. ಪಕ್ಕದ ಬೀದಿಯಲ್ಲಿ ಇನ್ನೊಬ್ಬ ರೀಲರ್ ಇದ್ದಾರೆ. ಚಿಕ್ಕಂದಿನಿಂದ ನಾನು ಅವರನ್ನು ಚಾಚಾ ಎಂದೇ ಕರೆಯುವುದು. ಆ ದಿನ ಅವರು ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಮುಗಿಸಿ, ಮೊಪೆಡ್ಡಿನ ಮುಂದೊಂದು ಹಿಂದೊಂದು ಚೀಲ ಇಟ್ಟುಕೊಂಡು ಬರುತ್ತಿದ್ದರು. ನಾನು ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿ ಗೇಟ್ ಹಾಕುವುದನ್ನು ಮರೆತಿದ್ದೆ. ನಮ್ಮ ರಾಗಿ ಬಿಟ್ಟ ಬಾಣದಂತೆ ಹೊರಗೆ ಹಾರಿ ಮೊಪೆಡ್ಡಿನ ಚಕ್ರಕ್ಕೆ ಬಾಯಿ ಹಾಕಲು ಹೋದಳು. ಚಾಚಾ ಹ್ಯಾಂಡಲ್ ತಿರುಗಿಸಿದರು, ಬಿದ್ದರು. ಒಂದು ಚೀಲ ಒಡೆದು ಗೂಡೆಲ್ಲ ಚರಂಡಿ ಪಾಲಾಯಿತು. ನಾನು ‘ರಾಗೀ, ಬಾರೇ ಇಲ್ಲಿ!’ ಎಂದು ಹತ್ತು ಸಲ ಕಿರುಚಿರಬಹುದು. ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲ.

ಅಪ್ಪ ಚಾಚಾಗೆ ಗೂಡಿನ ದುಡ್ಡು ಕಟ್ಟಿಕೊಟ್ಟರು. ನಾನು ರಾಗಿಯನ್ನು ಒಳಗೆ ಎಳೆದು ತಂದು ಸುತ್ತಿದ ಪೇಪರಿನಿಂದ ಬಾರಿಸಿದೆ. ಅವಳು ಮಂಚದಡಿ ಸೇರಿದವಳು ಎರಡು ದಿನ ನಾನು ಕರೆದರೆ ಈಚೆ ಬರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅಪ್ಪ ಹೇಳಿದರು: ‘ಆಯುಧಪೂಜೆ ತನಕ ನೋಡ್ತೀನಿ. ಅದು ಸರಿ ಹೋಗಲಿಲ್ಲ ಅಂದ್ರೆ ಅಜ್ಜಿ ತೋಟಕ್ಕೆ ಬಿಟ್ಟು ಬರೋದೇ.’

ಕೇಳಿದವರಿಗೆ ಇದು ಶಿಕ್ಷೆ ಅನ್ನಿಸದು. ತೋಟ, ಗಾಳಿ, ಬಯಲು; ನಾಯಿಗೆ ಇನ್ನೇನು ಬೇಕು? ಆದರೆ ಅಜ್ಜಿಯ ತೋಟ ಇರುವುದು ಕನಕಪುರ ತಾಲ್ಲೂಕಿನ ಸಾತನೂರು ಕಡೆ, ಕಾಡಿನ ಅಂಚಿನಲ್ಲಿ. ಅಲ್ಲಿ ಈ ಮೊದಲು ಕಟ್ಟಿದ್ದ ಕರಿಯ ಎಂಬ ನಾಯಿಯನ್ನು ಒಂದು ರಾತ್ರಿ ಚಿರತೆ ಒಯ್ದಿತ್ತು. ಬೆಳಗ್ಗೆ ಉಳಿದದ್ದು ಸರಪಳಿ ಮಾತ್ರ. ನಮ್ಮ ಕನಕಪುರ, ಮಾಗಡಿ ಸುತ್ತಿನ ಹಳ್ಳಿಗಳಲ್ಲಿ ಚಿರತೆ ನಾಯಿ ಹೊತ್ತೊಯ್ಯುವುದು ದೊಡ್ಡ ಸುದ್ದಿಯೇನಲ್ಲ. ಕಟ್ಟಿಹಾಕಿದ ನಾಯಿಗೆ ಓಡುವ ಅವಕಾಶವೂ ಇಲ್ಲ. ಅಪ್ಪನಿಗೂ ಇದು ಗೊತ್ತಿತ್ತು. ಆ ರಾತ್ರಿ ಅವರೂ ಪೂರ್ತಿ ಊಟ ಮಾಡಲಿಲ್ಲ.

ಕರೆದರೆ ಯಾಕೆ ಬರಲ್ಲ?

ರಾಗಿ ಜಾತಿ ನಾಯಿಯಲ್ಲ. ನಾನು ಎರಡನೇ ಸೆಮಿಸ್ಟರ್‌ನಲ್ಲಿದ್ದಾಗ ಮಳೆಯಲ್ಲಿ ನೆನೆಯುತ್ತಾ ನಮ್ಮ ಘಟಕದ ಬಾಗಿಲಿಗೆ ಬಂದ ಬೀದಿ ಮರಿ. ರಾಗಿ ಬಣ್ಣ, ಅದಕ್ಕೇ ಆ ಹೆಸರು. ‘ಇಂಥ ನಾಯಿಗೆಲ್ಲ ಟ್ರೇನಿಂಗ್ ಹತ್ತಲ್ಲ’ ಎಂದವರೇ ಹೆಚ್ಚು. ಅಜ್ಜಿ ಫೋನಿನಲ್ಲಿ ನಕ್ಕರು: ‘ನಾಯಿಗೂ ಇಸ್ಕೂಲಾ ಮಗ? ನಿಮ್ಮಪ್ಪ ನಿನ್ ಕಾಲೇಜಿಗೆ ಕಟ್ಟಿದ್ದು ಸಾಲ್ದಾ?’

ಹುಡುಕಿ ಓದಿದಾಗ ಧೈರ್ಯ ಬಂತು. ಉತ್ತರಾಖಂಡದ ಪೊಲೀಸರು ‘ಠೇಂಗಾ’ ಎಂಬ ಬೀದಿ ನಾಯಿಗೆ ತರಬೇತಿ ಕೊಟ್ಟು ತಮ್ಮ ಶ್ವಾನದಳಕ್ಕೆ ಸೇರಿಸಿಕೊಂಡಿದ್ದಾರೆ. ನಮ್ಮದೇ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯ ಮರಿಗಳನ್ನು ಸೇನೆ 2016ರಲ್ಲಿ ತರಬೇತಿಗೆಂದು ಮೀರತ್‌ಗೆ ಕರೆದೊಯ್ದಿತ್ತು. ಕಲಿಯುವ ಶಕ್ತಿ ತಳಿಯ ಸರ್ಟಿಫಿಕೇಟಿನಲ್ಲಿ ಇರುವುದಿಲ್ಲ. ಎಲ್ಲ ನಾಯಿಗಳೂ ಸದಾ ಏನನ್ನಾದರೂ ಕಲಿಯುತ್ತಲೇ ಇರುತ್ತವೆ. ಹಾಗಾದರೆ ನಾನು ರಾಗಿಗೆ ಇಷ್ಟು ದಿನ ಕಲಿಸಿದ್ದೇನು?

ಒಂದು ಭಾನುವಾರ ಇಡೀ ದಿನ ಮನೆಯವರ ಮಾತನ್ನು ಲ್ಯಾಬ್ ರೆಕಾರ್ಡಿನ ಹಿಂದಿನ ಪುಟದಲ್ಲಿ ಬರೆದುಕೊಂಡೆ. ಮುದ್ದೆ ಉಣ್ಣುವ ಮನೆ ನಮ್ಮದು. ‘ರಾಗಿ ಖಾಲಿ ಆಗಿದೆ’, ‘ರಾಗಿ ಬೀಸಿಸ್ಕೊಂಡು ಬಾ’, ‘ರಾಗಿ ರೇಟ್ ಏರಿದೆ’. ಪಾಪ, ದಿನಕ್ಕೆ ಇಪ್ಪತ್ತು ಸಲ ಅವಳ ಹೆಸರು ಕೇಳಿಬರುತ್ತಿತ್ತು, ಒಮ್ಮೆಯೂ ಅವಳಿಗೆ ಸಂಬಂಧವಿಲ್ಲದಂತೆ! ಇನ್ನು ‘ಬಾ’ ಎಂಬ ಪದ. ಸ್ನಾನಕ್ಕೆ ಬಾ, ಇಂಜೆಕ್ಷನ್‌ಗೆ ಬಾ, ಆಟ ಸಾಕು ಬಾ, ಒದೆ ತಿನ್ನಲು ಬಾ. ನಾವು ಬಾ ಎಂದಾಗಲೆಲ್ಲ ಅವಳ ಖುಷಿಯೊಂದು ಮುಗಿಯುತ್ತಿತ್ತು. ನಾಯಿ ಪಾಠವನ್ನು ಸರಿಯಾಗಿಯೇ ಕಲಿತಿತ್ತು: ಬಾ ಅಂದರೆ ಹೋಗಬಾರದು.

ಗಾಡಿ ಅಟ್ಟಿಸಿಕೊಂಡು ಹೋಗುವುದಕ್ಕೂ ಕಾರಣವಿತ್ತು. ನಾಯಿ ಬೊಗಳುತ್ತಾ ಓಡುತ್ತದೆ, ಗಾಡಿ ಮುಂದೆ ಹೋಗುತ್ತದೆ. ನಮಗೆ ಗೊತ್ತು, ಗಾಡಿ ಹೇಗಿದ್ದರೂ ಹೋಗುವುದೇ. ನಾಯಿಯ ಲೆಕ್ಕದಲ್ಲಿ ಮಾತ್ರ ‘ನಾನು ಓಡಿಸಿದೆ’. ಪ್ರತಿ ಸಲವೂ ಅದಕ್ಕೆ ಗೆಲುವು. ನಾವು ಬಿಸ್ಕತ್ ಕೊಡದಿದ್ದರೂ ಬಹುಮಾನ ಸಿಕ್ಕಿಬಿಟ್ಟಿರುತ್ತದೆ.

ಟಿಕ್ ಪೆನ್ನಿನ ಪಾಠ

ರಷ್ಯಾದ ಇವಾನ್ ಪಾವ್ಲೊವ್ ನಾಯಿಗಳ ಜೊಲ್ಲಿನ ಮೇಲೆ ಪ್ರಯೋಗ ಮಾಡಿದ್ದನ್ನು ಪಿಯುಸಿಯಲ್ಲಿ ಓದಿರುತ್ತೀರಿ. ಊಟಕ್ಕೆ ಮುನ್ನ ಒಂದು ಸದ್ದು ಮತ್ತೆ ಮತ್ತೆ ಕೇಳಿಬಂದರೆ, ಆಮೇಲೆ ಆ ಸದ್ದಿಗೇ ಬಾಯಲ್ಲಿ ನೀರೂರುತ್ತದೆ. ಅಮೆರಿಕದ ಬಿ.ಎಫ್. ಸ್ಕಿನ್ನರ್ ಹೇಳಿದ್ದು ಇನ್ನೊಂದು: ಯಾವ ಕೆಲಸಕ್ಕೆ ಒಳ್ಳೆಯ ಫಲ ಸಿಗುತ್ತದೋ ಪ್ರಾಣಿ ಆ ಕೆಲಸವನ್ನು ಮತ್ತೆ ಮಾಡುತ್ತದೆ. ಮನೆಯಲ್ಲಿ ನಾಯಿಗೆ ಕಲಿಸಲು ಇವೆರಡು ಗೊತ್ತಿದ್ದರೆ ಮುಕ್ಕಾಲು ಪಾಲು ಸಾಕು.

ತರಬೇತುದಾರರು ‘ಕ್ಲಿಕ್ಕರ್’ ಎಂಬ ಪುಟ್ಟ ಸಾಧನ ಬಳಸುತ್ತಾರೆ. ನಾನು ಬಳಸಿದ್ದು ಹತ್ತು ರೂಪಾಯಿಯ ಟಿಕ್ ಪೆನ್. ಮೊದಲ ಎರಡು ದಿನ ಪಾಠವೇ ಇಲ್ಲ. ‘ಟಿಕ್’ ಅನ್ನಿಸುವುದು, ಬೇಯಿಸಿದ ಕೋಳಿಯ ಕಡಲೆಕಾಳಿನಷ್ಟು ಚೂರು ಕೊಡುವುದು. ಅಷ್ಟೇ. ಹದಿನೈದು ಇಪ್ಪತ್ತು ಸಲವಾದ ಮೇಲೆ ಟಿಕ್ ಸದ್ದಿಗೆ ಅವಳ ಕತ್ತು ಥಟ್ಟನೆ ನನ್ನ ಕಡೆ ತಿರುಗತೊಡಗಿತು. ಅಲ್ಲಿಂದ ಆ ಸದ್ದಿನ ಅರ್ಥ ‘ಈಗ ಮಾಡಿದೆಯಲ್ಲ, ಅದೇ ಸರಿ’ ಎಂದಾಯಿತು.

ಟಿಕ್ ಯಾಕೆ ಬೇಕು? ನಾಲ್ಕನೇ ಸೆಮಿಸ್ಟರ್‌ನಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಸುಲಭ. ಫೀಡ್‌ಬ್ಯಾಕ್ ತಡವಾದರೆ ಸಿಸ್ಟಮ್ ಓಲಾಡುತ್ತದೆ. ನಾಯಿ ಕೂತಿತು, ನಾನು ಜೇಬಿಗೆ ಕೈ ಹಾಕಿ ಚೂರು ಹುಡುಕಿ ಕೊಡುವಷ್ಟರಲ್ಲಿ ಅದು ಎದ್ದು ನಿಂತಿರುತ್ತದೆ. ಆಗ ನಾನು ಬಹುಮಾನ ಕೊಟ್ಟದ್ದು ಎದ್ದಿದ್ದಕ್ಕೆ! ಕೂತ ಕ್ಷಣಕ್ಕೇ ಟಿಕ್ ಎಂದರೆ, ಚೂರು ಎರಡು ಸೆಕೆಂಡ್ ತಡವಾದರೂ ಸಂದೇಶ ಕೆಡುವುದಿಲ್ಲ. ಚಾಚಾ ಬಿದ್ದ ದಿನ ನಾನು ಹೊಡೆದದ್ದು ಗಾಡಿ ಅಟ್ಟಿದ ಎಷ್ಟೋ ನಿಮಿಷದ ಮೇಲೆ, ಅದೂ ಮನೆಯೊಳಗೆ. ಅದರಿಂದ ರಾಗಿ ಕಲಿತದ್ದು ನನ್ನ ಕೈಗೆ ಹೆದರುವುದನ್ನು, ಗಾಡಿ ಬಿಡುವುದನ್ನಲ್ಲ.

ಕೂರಿಸಲು ಸೊಂಟ ಒತ್ತಬೇಕಾಗಿಲ್ಲ. ಚೂರನ್ನು ಮೂಗಿನ ಮುಂದಿನಿಂದ ನಿಧಾನವಾಗಿ ತಲೆಯ ಮೇಲಕ್ಕೆ ಒಯ್ದರೆ ಮೂಗು ಮೇಲೇಳುತ್ತದೆ, ಹಿಂಭಾಗ ತಾನಾಗಿ ಕೆಳಗಿಳಿಯುತ್ತದೆ. ಟಿಕ್, ಚೂರು. ಐದಾರು ಸಲದ ನಂತರ ಕೈಯಲ್ಲಿ ಚೂರಿಲ್ಲದೆ ಅದೇ ಸನ್ನೆ. ಅದೂ ಬಂದ ಮೇಲಷ್ಟೇ ‘ಕೂತ್ಕೋ’ ಎಂಬ ಪದ. ನಾವೆಲ್ಲ ಉಲ್ಟಾ ಮಾಡುತ್ತೇವೆ; ನಾಯಿಗೆ ಅರ್ಥವೇ ಗೊತ್ತಿಲ್ಲದ ಪದವನ್ನು ಹತ್ತು ಸಲ ಹೇಳಿ ಅದನ್ನು ಬರೀ ಗದ್ದಲ ಮಾಡಿಬಿಡುತ್ತೇವೆ. ‘ಮಲ್ಕೋ’ಗೆ ಚೂರನ್ನು ಮೂಗಿನಿಂದ ನೇರ ನೆಲಕ್ಕೆ ಇಳಿಸಿದರೆ ಸಾಕು.

‘ತಾಳು’ ಕಲಿಸುವುದು ಕಷ್ಟವಾಯಿತು. ಇದರಲ್ಲಿ ಮೂರು ಅಂಶಗಳಿವೆ: ಹೊತ್ತು, ದೂರ, ಗದ್ದಲ. ಒಂದು ಸಲಕ್ಕೆ ಒಂದನ್ನು ಮಾತ್ರ ಏರಿಸಬೇಕು. ಎರಡು ಸೆಕೆಂಡ್, ಐದು, ಹತ್ತು. ಆಮೇಲೆ ಮತ್ತೆ ಎರಡು ಸೆಕೆಂಡಿಗೆ ಇಳಿದು ಒಂದು ಹೆಜ್ಜೆ ದೂರ. ಐದಕ್ಕೆ ನಾಲ್ಕು ಸಲ ಸರಿಯಾದರೆ ಮುಂದಿನ ಹಂತ, ಐದಕ್ಕೆ ಎರಡಾದರೆ ಹಿಂದಿನ ಹಂತ. ಲ್ಯಾಬ್ ರೆಕಾರ್ಡಿನ ಹಿಂಬದಿ ಪೂರ್ತಿ ಇಂಥ ಟಿಕ್ ಗುರುತುಗಳೇ. ಒಂದು ಪಾಠ ಐದು ನಿಮಿಷ, ದಿನಕ್ಕೆ ಮೂರು ಸಲ. ಅಷ್ಟರ ಮೇಲೆ ನಾಯಿಗೂ ಬೇಜಾರು, ನಮಗೂ ಸಿಟ್ಟು. ಸಿಟ್ಟು ಬಂದ ದಿನ ಪಾಠ ರದ್ದು; ಇದು ನಾನು ನನಗೇ ಮಾಡಿಕೊಂಡ ನಿಯಮ.

‘ಬಾ’ ಹೋಗಿ ‘ಹಬ್ಬ’ ಬಂತು

ಕೆಟ್ಟುಹೋದ ‘ಬಾ’ ಪದವನ್ನು ರಿಪೇರಿ ಮಾಡುವುದಕ್ಕಿಂತ ಹೊಸ ಪದ ತರುವುದು ಸುಲಭ. ‘ಹಬ್ಬ’ ಎಂದು ಆರಿಸಿದ್ದು ತಮ್ಮ. ಮನೆಯವರಿಗೆಲ್ಲ ಒಂದೇ ಷರತ್ತು: ಈ ಪದ ಹೇಳಿದರೆ ರಾಗಿಗೆ ನಿಜಕ್ಕೂ ಹಬ್ಬವಾಗಬೇಕು. ಒಂದಲ್ಲ, ಐದಾರು ಚೂರು ಕೋಳಿ ಒಂದರ ಹಿಂದೊಂದು. ಬೈಯಲು, ಕಟ್ಟಲು, ಸ್ನಾನಕ್ಕೆ ಈ ಪದ ಬಳಸುವಂತಿಲ್ಲ. ಬರುವುದಿಲ್ಲ ಎಂದು ಗೊತ್ತಿದ್ದಾಗ ಕರೆಯಲೂ ಕೂಡದು.

ಮೊದಲು ಅಡುಗೆಮನೆಯಿಂದ ನಡುಮನೆಗೆ, ಆಮೇಲೆ ತಾರಸಿ, ಆಮೇಲೆ ಹಿತ್ತಿಲು. ನಂತರ ಅರ್ಕಾವತಿ ಕಡೆಗಿರುವ ಒಂದು ಖಾಲಿ ಸೈಟ್. ಅಲ್ಲಿ ಎದೆಪಟ್ಟಿಗೆ ಹತ್ತು ಮೀಟರ್ ನೈಲಾನ್ ಹಗ್ಗ ಕಟ್ಟಿಯೇ ಅಭ್ಯಾಸ. ಹಗ್ಗವನ್ನು ಕೊರಳಪಟ್ಟಿಗೆ ಕಟ್ಟಬಾರದು. ಓಡಿ ಹೋಗಿ ಜಗ್ಗಿದರೆ ಕತ್ತಿಗೆ ಪೆಟ್ಟು.

ನಿಜವಾದ ಪರೀಕ್ಷೆ ಇದ್ದದ್ದು ಮನೆಯ ಹಿಂದೆಯೇ. ನೂಲು ತೆಗೆದಾದ ಮೇಲೆ ಉಳಿಯುವ ಹುಳುವನ್ನು ಒಣಗಲು ಹರಡಿರುತ್ತೇವೆ. ಆ ವಾಸನೆ ಗೊತ್ತಿರುವವರಿಗೇ ಗೊತ್ತು. ನಮಗೆ ಮೂಗು ಮುಚ್ಚಿಕೊಳ್ಳುವಂತಿದ್ದರೂ ರಾಗಿಗೆ ಅದೇ ಸ್ವರ್ಗ. ಕೋಳಿ ತುಂಡು ಹಿಡಿದು ಕರೆದರೂ ಅವಳು ಹುಳುವಿನ ರಾಶಿಯ ಕಡೆಗೇ. ಆಗ ಒಂದು ಉಪಾಯ ಮಾಡಿದೆ. ಹಗ್ಗ ಹಿಡಿದು ದೂರದಲ್ಲೇ ನಿಂತು ಕಾಯುವುದು. ಅವಳಾಗಿಯೇ ಒಮ್ಮೆ ನನ್ನತ್ತ ನೋಡಿದರೆ ಟಿಕ್, ‘ಹಬ್ಬ’, ನನ್ನ ಬಳಿ ಬಂದರೆ ಚೂರು. ಆಮೇಲೆ ‘ಹೋಗು’ ಎಂದು ರಾಶಿಯ ಹತ್ತಿರ ನಾನೇ ಕರೆದುಕೊಂಡು ಹೋಗಿ ಮೂಸಲು ಬಿಡುವುದು. ಬಂದರೆ ಬೇಕಾದ್ದು ತಪ್ಪುವುದಿಲ್ಲ, ಬಂದದ್ದರಿಂದಲೇ ಸಿಗುತ್ತದೆ ಎಂದು ಅವಳಿಗೆ ಅರ್ಥವಾಗಲು ಹದಿನೆಂಟು ದಿನ ಬೇಕಾಯಿತು. ರೆಕಾರ್ಡ್ ನೋಡಿಯೇ ಹೇಳುತ್ತಿದ್ದೇನೆ.

ಚಾಚಾ ಕೈ ನೋಡಿದೆ

ಗಾಡಿಯ ಪಾಠಕ್ಕೆ ಗಾಡಿ ಬೇಕಲ್ಲ. ತಮ್ಮನ ಸ್ಕೂಟರನ್ನು ಮೂವತ್ತು ಹೆಜ್ಜೆ ದೂರ ನಿಲ್ಲಿಸಿದೆವು. ರಾಗಿ ಗಾಡಿ ನೋಡಿದಳು, ನನ್ನನ್ನೂ ನೋಡಿದಳು: ಟಿಕ್, ಚೂರು. ಮಾರನೇ ದಿನ ಎಂಜಿನ್ ಚಾಲೂ ಮಾಡಿ ನಿಲ್ಲಿಸಿದ್ದು. ಆಮೇಲೆ ತಳ್ಳಿಕೊಂಡು ಹೋದದ್ದು. ಆಮೇಲೆ ನಿಧಾನಕ್ಕೆ ಓಡಿಸಿದ್ದು. ಅವಳು ಬಿಗಿಯಾಗಿ, ಕಿವಿ ನಿಮಿರಿಸಿ, ತಿನ್ನಲು ಕೊಟ್ಟರೂ ತಿನ್ನದೆ ನಿಂತಳೆಂದರೆ ನಾವು ತೀರಾ ಹತ್ತಿರ ಬಂದೆವು ಎಂದರ್ಥ. ಐದು ಹೆಜ್ಜೆ ಹಿಂದೆ ಹೋಗಬೇಕು. ಈ ಮಧ್ಯೆ ಗೇಟಿಗೆ ಚಿಲಕದ ಜೊತೆಗೆ ಒಂದು ಸ್ಪ್ರಿಂಗನ್ನೂ ಹಾಕಿಸಿದೆ. ಒಂದು ಸಲ ಅಟ್ಟಿಸಿಕೊಂಡು ಹೋದರೂ ಹತ್ತು ದಿನದ ಪಾಠ ನೀರಲ್ಲಿ ಹೋಮ.

ಸ್ಕೂಟರಿಗೆ ಸುಮ್ಮನಿರುವವಳು ಮೊಪೆಡ್ಡಿನ ಸದ್ದಿಗೆ ಮಾತ್ರ ಹುಚ್ಚಾಗುತ್ತಿದ್ದಳು. ಬೇರೆ ದಾರಿಯಿರಲಿಲ್ಲ, ಚಾಚಾರನ್ನೇ ಕೇಳಬೇಕಿತ್ತು. ಅಷ್ಟು ದಿನವಾದರೂ ನಾನು ಅವರ ಮನೆಗೆ ಹೋಗಿರಲಿಲ್ಲ. ಅಪ್ಪ ದುಡ್ಡು ಕೊಟ್ಟಿದ್ದಾರಲ್ಲ, ಮುಗಿಯಿತು ಅಂದುಕೊಂಡಿದ್ದೆ.

ಹೋದಾಗ ಚಾಚಾ ಬಿಸಿನೀರಿನ ತೊಟ್ಟಿಯ ಮುಂದೆ ಕೂತಿದ್ದರು. ಬಲ ಅಂಗೈಯಲ್ಲಿ ಗಾಯದ ಕಲೆ ಇನ್ನೂ ಗುಲಾಬಿ ಬಣ್ಣಕ್ಕಿತ್ತು. ಗೂಡಿನಿಂದ ಎಳೆ ಹಿಡಿಯುವ ಬೆರಳು ದಿನವಿಡೀ ಬಿಸಿನೀರಲ್ಲಿ ಅದ್ದಿರಬೇಕು. ಚರ್ಮ ಕಿತ್ತ ಕೈಯನ್ನು ಆ ನೀರಿಗೆ ಇಡುವುದು ಹೇಗೆ? ಎಂಟು ದಿನ ಅವರು ಕೆಲಸ ಮಾಡಿರಲಿಲ್ಲ. ಗೂಡಿನ ಬೆಲೆ ಅಪ್ಪ ಕೊಟ್ಟಿದ್ದರು, ಆ ಎಂಟು ದಿನದ ಕೂಲಿಯ ಲೆಕ್ಕವನ್ನು ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ರೀಲರ್ ಮಗಳಾಗಿ ನನಗೆ ಇದು ಹೊಳೆಯಲೇ ಇಲ್ಲವಲ್ಲ ಎಂದು ನಾಚಿಕೆಯಾಯಿತು. ‘ತಪ್ಪಾಯ್ತು ಚಾಚಾ, ಗೇಟ್ ತೆಗೆದಿಟ್ಟಿದ್ದು ನಾನು’ ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ಪರವಾಗಿಲ್ಲ ಬೇಟಿ. ಆದ್ರೆ ಒಂದ್ ಹೇಳ್ತೀನಿ, ನಿಮ್ ಮನೆ ಮುಂದೆ ಈಗ್ಲೂ ನಾನು ಎಂಜಿನ್ ಆಫ್ ಮಾಡಿ ತಳ್ಕೊಂಡೇ ಹೋಗೋದು.’

ಅದು ನಿಜವೇ. ದಿನವೂ ಕಿಟಕಿಯಿಂದ ನೋಡುತ್ತಿದ್ದೆ. ಮೊಪೆಡ್ ಕೆಟ್ಟಿರಬೇಕು ಅಂದುಕೊಂಡಿದ್ದೆ!

ಅವರು ಒಪ್ಪಿದರು, ಆದರೆ ಗೇಟಿನ ಆಚೆಯೇ ನಿಲ್ಲುತ್ತೇನೆ ಎಂಬ ಷರತ್ತಿನ ಮೇಲೆ. ಸಂಜೆ ಐದೇ ನಿಮಿಷ. ಬೀದಿಯ ಕೊನೆಯಲ್ಲಿ ಎಂಜಿನ್ ಚಾಲೂ. ನಾನು ಗೇಟಿನೊಳಗೆ ಹಗ್ಗ ಹಿಡಿದು ಟಿಕ್, ಟಿಕ್. ಎರಡನೇ ವಾರಕ್ಕೆ ಅವರೇ ದೂರದಿಂದ ಒಂದೊಂದು ಚೂರು ಎಸೆಯತೊಡಗಿದರು. ಮೊಪೆಡ್ ಬಂದರೆ ಊಟ ಬರುತ್ತದೆ ಎನ್ನುವುದು ರಾಗಿಯ ಹೊಸ ಪಾವ್ಲೊವ್ ನಿಯಮವಾಯಿತು.

ಕೋಲು, ಕೊಳವೆ, ಚಂದ್ರಿಕೆ

‘777 ಚಾರ್ಲಿ’ ನೋಡಿದವರಿಗೆ ಅಜಿಲಿಟಿ ಎಂದರೇನೆಂದು ಗೊತ್ತು. ನಾಯಿ ಅಡ್ಡಗೋಲು ಹಾರಿ, ಕೊಳವೆಯೊಳಗೆ ನುಗ್ಗಿ, ಕಂಬಗಳ ನಡುವೆ ಹಾವಿನಂತೆ ಹರಿಯುವ ಆಟ. ಇದು ಶುರುವಾದದ್ದು 1978ರಲ್ಲಿ, ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ, ಬಿಡುವಿನ ಹೊತ್ತಿಗೆ ಜನರನ್ನು ರಂಜಿಸಲು. ಕುದುರೆಗಳ ಜಿಗಿತದ ಸ್ಪರ್ಧೆಯೇ ಅದಕ್ಕೆ ಮಾದರಿ.

ರಾಗಿಯ ಅಜಿಲಿಟಿ ಮೈದಾನ ನಮ್ಮ ಹಿತ್ತಿಲು. ಎರಡು ಇಟ್ಟಿಗೆಯ ಮೇಲೆ ವೈರಿಂಗ್‌ನ ಪಿವಿಸಿ ಪೈಪ್: ಅಡ್ಡಗೋಲು. ಕಾಲು ತಾಕಿದರೆ ಉರುಳಿ ಬೀಳುವಂತಿರಬೇಕು, ಕಟ್ಟಿರಬಾರದು. ಹುಳು ಗೂಡು ಕಟ್ಟಲು ಬಳಸುತ್ತಿದ್ದ ಎರಡು ಹಳೇ ಬಿದಿರಿನ ಚಂದ್ರಿಕೆಗಳನ್ನು ಅಜ್ಜಿಯ ತೋಟದಿಂದ ತಂದು, ಟೆಂಟಿನಂತೆ ಒರಗಿಸಿ, ಮೇಲೆ ಬೆಡ್‌ಶೀಟ್ ಹೊದಿಸಿದರೆ ಕೊಳವೆ. ಮೊದಲು ಒಂದೇ ಚಂದ್ರಿಕೆಯ ಉದ್ದ, ಆಚೆ ತುದಿಯಲ್ಲಿ ನನ್ನ ಮುಖ ಕಾಣುವ ಹಾಗೆ. ನೆಲದಲ್ಲಿ ಆರು ಪೈಪ್ ನೆಟ್ಟರೆ ಕಂಬಸಾಲು. ಸ್ಪರ್ಧೆಯಲ್ಲಿ ಕಂಬದಿಂದ ಕಂಬಕ್ಕೆ 60 ಸೆಂಟಿಮೀಟರ್ ಅಂತರ. ಕಲಿಸುವಾಗ ಎರಡೇ ಕಂಬದಿಂದ ಶುರು. ಮಾಗಡಿಯ ಗೆಳತಿಯ ಜರ್ಮನ್ ಶೆಫರ್ಡ್ ಒಂದು ವಾರದಲ್ಲಿ ಕಲಿತದ್ದಕ್ಕೆ ರಾಗಿ ಒಂದು ತಿಂಗಳು ತೆಗೆದುಕೊಂಡಳು. ಕೊಳವೆಗೆ ಮಾತ್ರ ಮೊದಲ ದಿನವೇ ನುಗ್ಗಿದಳು. ಮಂಚದಡಿ ನುಸುಳಿ ಅಭ್ಯಾಸವಲ್ಲವೇ!

ಚನ್ನಪಟ್ಟಣದ ಗೆಳತಿಯ ತಾತ ಗೊಂಬೆ ಕೆಲಸದವರು. ಆಲೆ ಮರದ ತುಂಡನ್ನು ಲೇತಿನಲ್ಲಿ ತಿರುಗಿಸಿ, ಬಾಯಲ್ಲಿ ಕಚ್ಚಿ ತರಲು ಒಂದು ಡಂಬಲ್ ಮಾಡಿಕೊಟ್ಟರು. ‘ಕಚ್ಚೋ ವಸ್ತು ಅಲ್ವಾ, ಅರಗು ಬಣ್ಣ ಬೇಡ ಮಗಳೇ’ ಎಂದು ಹಾಗೇ ಬಿಳಿಯಾಗಿ ಬಿಟ್ಟರು.

ಇಲ್ಲೇ ನಾನು ಇನ್ನೊಂದು ತಪ್ಪು ಮಾಡಿದ್ದು. ಗೆಳತಿಯರು ವಿಡಿಯೊ ಮಾಡಲು ಬಂದ ದಿನ ಎರಡು ಇಟ್ಟಿಗೆಯ ಕೋಲನ್ನು ಐದು ಇಟ್ಟಿಗೆಗೆ ಏರಿಸಿಬಿಟ್ಟೆ. ರಾಗಿ ಹಾರಿದಳು. ಇಳಿದದ್ದು ಸಿಮೆಂಟ್ ನೆಲದ ಮೇಲೆ, ಮುಂಗಾಲು ತಿರುಚಿಕೊಂಡು. ಪಶುವೈದ್ಯರು ಮೂಳೆ ಮುರಿದಿಲ್ಲ ಎಂದರು, ಹತ್ತು ದಿನ ಜಿಗಿತ ಬೇಡ ಎಂದರು. ಒಂದು ವರ್ಷ ತುಂಬದ, ದೊಡ್ಡ ತಳಿಯಾದರೆ ಒಂದೂವರೆ ವರ್ಷ ತುಂಬದ ನಾಯಿಯನ್ನು ಎತ್ತರ ಹಾರಿಸಲೇಬಾರದು, ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಬೆಳೆದ ನಾಯಿಗೂ ಮೊದಲು ಮೊಣಕೈ ಮಟ್ಟದ ಕೋಲು, ಮಣ್ಣು ಅಥವಾ ಹುಲ್ಲಿನ ನೆಲ ಎಂದು ತಿಳಿಹೇಳಿದರು. ಆಯುಧಪೂಜೆಗೆ ಉಳಿದದ್ದು ಮೂರು ವಾರ. ಅದರಲ್ಲಿ ಹತ್ತು ದಿನ ಒಂದು ಲೈಕಿನ ಆಸೆಗೆ ಹೋಯಿತು.

ಆ ಹತ್ತು ದಿನ ಸುಮ್ಮನೆ ಪಕ್ಕದಲ್ಲಿ ಕೂತು ‘ತಾಳು’ ಮಾತ್ರ ಅಭ್ಯಾಸ ಮಾಡಿದೆವು. ಅದೇ ಹೊತ್ತಿಗೆ ನನ್ನ ಬ್ಯಾಕ್‌ಲಾಗ್ ಪುಸ್ತಕವೂ ತೊಡೆಯ ಮೇಲೆ ಬಂತು. ನೆಟ್‌ವರ್ಕ್ ಅನಾಲಿಸಿಸ್. ಅದಕ್ಕೂ ಇದೇ ಲೆಕ್ಕ ಹಾಕಿದೆ: ಹದಿನೈದು ನಿಮಿಷ, ಒಂದೇ ಬಗೆಯ ಲೆಕ್ಕ, ಐದಕ್ಕೆ ನಾಲ್ಕು ಸರಿಯಾದರೆ ಮುಂದಿನ ಬಗೆ. ನನಗೆ ನಾನೇ ‘ದಡ್ಡಿ’ ಎಂದು ಬೈದುಕೊಂಡು ಓದಿದ ದಿನಗಳಲ್ಲಿ ಪುಸ್ತಕ ಕಂಡರೆ ನಾನೂ ಮಂಚದಡಿ ಸೇರುತ್ತಿದ್ದೆ. ಪರೀಕ್ಷೆ ಬರೆದಿದ್ದೇನೆ. ಫಲಿತಾಂಶ ಇನ್ನೂ ಬಂದಿಲ್ಲ, ಆದರೆ ಆ ಪುಸ್ತಕದ ಭಯ ಹೋಗಿದೆ.

ಕಾಳಿಯ ಕಲ್ಲು

ನಮ್ಮ ಚನ್ನಪಟ್ಟಣದ ಪಕ್ಕದ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಊರಿದೆ. ಅಲ್ಲಿ ಸಿಕ್ಕಿದ, ಕ್ರಿ.ಶ. 949–50ರ ವೀರಗಲ್ಲೊಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಮೆಚ್ಚಿ ಬೇಕಾದ್ದು ಕೇಳು ಎಂದಾಗ, ಆತ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ದೊಡ್ಡ ಕಾಡುಹಂದಿಯೊಡನೆ ಕಾದಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಂತಿತು. ಸಾವಿರ ವರ್ಷದ ಹಿಂದೆಯೇ ನಾಯಿಗೆ ಹೆಸರಿಟ್ಟು, ಆ ಹೆಸರನ್ನು ಕಲ್ಲಿನಲ್ಲಿ ಕೊರೆಸಿದ ನೆಲ ನಮ್ಮದು. ‘ನಾಯಿಗೆ ಇದೆಲ್ಲ ಯಾಕೆ’ ಎಂದು ಯಾರಾದರೂ ಕೇಳಿದರೆ ನಾನೀಗ ಈ ಕಲ್ಲಿನ ಕತೆ ಹೇಳುತ್ತೇನೆ. ಅಜ್ಜಿಗೂ ಹೇಳಿದೆ. ಅವರು ‘ನೋಡ್ದಾ, ನಮ್ ಕರಿಯನಿಗೂ ಒಂದ್ ಕಲ್ಲು ಇಡ್ಬೇಕಿತ್ತು’ ಎಂದು ಕಣ್ಣೊರೆಸಿಕೊಂಡರು.

ನೀವೂ ಶುರು ಮಾಡುವುದಾದರೆ

* ಮೊದಲು ಲಸಿಕೆ. ಮರಿಗೆ ಮೂರು ತಿಂಗಳಾದಾಗ ರೇಬಿಸ್ ಲಸಿಕೆ ಹಾಕಿಸಿ, ವೈದ್ಯರು ಹೇಳಿದ ಹೊತ್ತಿಗೆ ತಪ್ಪದೆ ಮುಂದುವರಿಸಿ. ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಬೇಡ. ಪಶುವೈದ್ಯ ಸೇವೆಗೆ ಸಹಾಯವಾಣಿ 1962.
* ಬಹುಮಾನಕ್ಕೆ ಬೇಯಿಸಿದ ಕೋಳಿ, ಮೊಟ್ಟೆ, ಕ್ಯಾರೆಟ್ ಸಾಕು. ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ ಕೊಡಲೇಬಾರದು. ಪಾಠದಲ್ಲಿ ತಿಂದಷ್ಟನ್ನು ಊಟದಲ್ಲಿ ಕಡಿಮೆ ಮಾಡಿ.
* ಬೇಸಿಗೆಯಲ್ಲಿ ಅಂಗೈ ಹಿಂಭಾಗವನ್ನು ರಸ್ತೆಯ ಮೇಲೆ ಏಳು ಸೆಕೆಂಡ್ ಇಡಿ. ನಿಮಗೆ ಸುಟ್ಟರೆ ಅದರ ಪಾದವೂ ಸುಡುತ್ತದೆ. ಬೆಳಗ್ಗೆ, ಸಂಜೆ ಮಾತ್ರ ಆಟ.
* ಎಷ್ಟೇ ಕಲಿತರೂ ಬೀದಿಯಲ್ಲಿ ಹಗ್ಗ ಇರಲಿ. ರಾಮದೇವರ ಬೆಟ್ಟದಂಥ ರಣಹದ್ದುಗಳ ವನ್ಯಧಾಮ ನಾಯಿ ಆಡಿಸುವ ಜಾಗವಲ್ಲ.
* ಮನೆಯವರೆಲ್ಲ ಒಂದೇ ಪದ ಬಳಸಿ. ಒಬ್ಬರು ‘ಕೂತ್ಕೋ’, ಇನ್ನೊಬ್ಬರು ‘ಸಿಟ್’, ಮತ್ತೊಬ್ಬರು ‘ಕೂರೇ’ ಎಂದರೆ ನಾಯಿ ಮೂರು ಭಾಷೆ ಕಲಿಯಬೇಕು.

ಆಯುಧಪೂಜೆಯ ದಿನ

ಆ ದಿನ ಅಪ್ಪ ಯಂತ್ರ ತೊಳೆದು, ಬಾಳೆಕಂದು ಕಟ್ಟಿ, ಚೆಂಡುಹೂ ಹಾಕಿದ್ದರು. ಬೀದಿ ತುಂಬ ಹಾರ ಹಾಕಿಕೊಂಡ ಗಾಡಿಗಳು, ಹಾರ್ನ್, ಒಡೆದ ಬೂದುಗುಂಬಳ. ರಾಗಿಗೆ ಇದಕ್ಕಿಂತ ಕಠಿಣ ಪ್ರಶ್ನೆಪತ್ರಿಕೆ ಇರಲಾರದು. ಅವಳನ್ನು ಹಗ್ಗದಲ್ಲಿ ಹಿಡಿದು ಗೇಟಿನ ಹೊರಗೆ ನಿಂತಿದ್ದೆ. ಪಕ್ಕದ ಹುಡುಗ ಹೊಸ ಬೈಕ್ ಗುರ್ರೆನ್ನಿಸಿದಾಗ ಎದ್ದು ಒಮ್ಮೆ ಬೊಗಳಿಯೇ ಬಿಟ್ಟಳು. ಅಪ್ಪ ನೋಡಿದರು, ಏನೂ ಹೇಳಲಿಲ್ಲ. ನನ್ನ ಎದೆ ಡವಡವ. ಹತ್ತು ಹೆಜ್ಜೆ ಹಿಂದೆ ಸರಿದು ‘ಹಬ್ಬ’ ಎಂದೆ. ತಿರುಗಿ ಓಡಿ ಬಂದಳು. ಕೂರಿಸಿದೆ.

ಅಷ್ಟರಲ್ಲಿ ಬೀದಿಯ ಕೊನೆಯಲ್ಲಿ ಮೊಪೆಡ್ ಸದ್ದು. ಚಾಚಾ, ಪೂಜೆಯ ಸಿಹಿಗೆಂದು ಬರುತ್ತಿದ್ದರು. ಎರಡು ಮನೆ ಆಚೆ, ಅವರು ಯಾವಾಗಲೂ ಎಂಜಿನ್ ಆಫ್ ಮಾಡುವ ಲೈಟ್ ಕಂಬದ ಹತ್ತಿರ ಗಾಡಿ ಸ್ವಲ್ಪ ನಿಧಾನವಾಯಿತು. ಅವರು ರಾಗಿಯನ್ನು ನೋಡಿದರು. ರಾಗಿ ಅವರನ್ನು ನೋಡಿದಳು, ಆಮೇಲೆ ನನ್ನನ್ನು. ನಾನು ಟಿಕ್ ಎನ್ನಿಸಿದೆ.

ಚಾಚಾ ಎಂಜಿನ್ ಆಫ್ ಮಾಡಲಿಲ್ಲ. ನಮ್ಮ ಗೇಟಿನ ತನಕ ಓಡಿಸಿಕೊಂಡೇ ಬಂದು ನಿಲ್ಲಿಸಿದರು. ‘ಏನಪ್ಪಾ, ಕನಕಪುರಕ್ಕೆ ಯಾವಾಗ?’ ಎಂದು ನಗುತ್ತಾ ಅಪ್ಪನನ್ನು ಕೇಳಿದರು.

ಅಪ್ಪ ತಟ್ಟೆಯಲ್ಲಿ ಸಿಹಿ ಇಡುತ್ತಾ, ತಲೆ ಎತ್ತದೆ ಹೇಳಿದರು: ‘ಹೋಗ್ಲಿ ಬಿಡಿ, ಅವಳು ಇಲ್ಲೇ ಇರ್ಲಿ.’

ರಾಗಿ ಈಗಲೂ ಬೆಕ್ಕು ಕಂಡರೆ ಹಗ್ಗ ಜಗ್ಗುತ್ತಾಳೆ. ಕಂಬಸಾಲಿನಲ್ಲಿ ನಾಲ್ಕನೇ ಕಂಬ ಬಿಟ್ಟು ಐದಕ್ಕೆ ಹೋಗುತ್ತಾಳೆ. ಅಡ್ಡಗೋಲು ಎರಡೇ ಇಟ್ಟಿಗೆಯ ಮೇಲಿದೆ, ನನಗೆ ಅವಸರವಿಲ್ಲ. ಗೇಟ್ ಹಾಕಿದೆಯಾ ಎಂದು ದಿನವೂ ಎರಡು ಸಲ ನೋಡಿಯೇ ಕಾಲೇಜಿನ ಬಸ್ ಹತ್ತುತ್ತೇನೆ.